ನೊಣ ಎಣಿಸಿ ಏನಾಗಬೇಕು?

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಮೈಸೂರಿನಲ್ಲಿ ಬಿಎಸ್ಸಿ ಆನರ್ಸ್ ಕೊನೆಯ ವರ್ಷ. ವಿಷಯ ಜೆನೆಟಿಕ್ಸ್, ಜೀನೋಮಿಕ್ಸ್. ಪ್ರಪಂಚವೆಲ್ಲ ಕಂಪ್ಯೂಟರಿನಲ್ಲಿ ಜೀನೋಮ್ ಓದುತ್ತಿದ್ದರೆ ಇವಳು ಸೀಸೆಯ ನೊಣ ಎಣಿಸುತ್ತಾ ಕೂತಿದ್ದಾಳೆ. ಕಾಲಹರಣವಲ್ಲವೇ?’

ಅಲ್ಲ ಸ್ವಾಮಿ. ಕಂಪ್ಯೂಟರ್ ಬೇಕು, ಒಪ್ಪಿದೆ. ಮನುಷ್ಯನ ಜೀನೋಮಿನ, ಅಂದರೆ ಇಡೀ ಡಿಎನ್‌ಎ ಬರಹದ, ಸುಮಾರು ಮುನ್ನೂರು ಕೋಟಿ ಅಕ್ಷರಗಳನ್ನು ಕಣ್ಣಲ್ಲಿ ಓದಿ ಮುಗಿಸಲಾಗದು. ಆದರೆ ಒಮ್ಮೆ ಮಗಳ ಪಕ್ಕ ನಿಂತು ನೋಡಿ. ರವೆ, ಬೆಲ್ಲ, ಅಗರ್ ಕುದಿಸಿ ನೊಣಕ್ಕೆ, ಅಂದರೆ ಮಾಗಿದ ಹಣ್ಣಿಗೆ ಮುತ್ತುವ ಪುಟ್ಟ ಡ್ರಾಸೊಫಿಲಾಕ್ಕೆ, ಊಟ ತಯಾರಿಸಬೇಕು. ಬೂಷ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ ಬೆರೆಸಬೇಕು. ಕೆಂಪು ಕಣ್ಣಿನ ಹೆಣ್ಣು, ಬಿಳಿ ಕಣ್ಣಿನ ಗಂಡು ಕೂಡಿದರೆ ಮಕ್ಕಳೆಲ್ಲ ಕೆಂಪು ಕಣ್ಣಿನವು. ಮೊಮ್ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು ಬಿಳಿ. ಈಥರಿನ ಆವಿಗೆ ಎಚ್ಚರ ತಪ್ಪಿ ಬಿದ್ದ ನೊಣಗಳನ್ನು ಕುಂಚದ ತುದಿಯಲ್ಲಿ ಒಂದೊಂದಾಗಿ ಸರಿಸುವಾಗ ಥಟ್ಟನೆ ಹೊಳೆಯುತ್ತದೆ: ಬಿಳಿ ಕಣ್ಣಿನವೆಲ್ಲ ಗಂಡೇ! ಕಣ್ಣಿನ ಬಣ್ಣದ ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಎಂಬ, ಜೀನ್‌ಗಳನ್ನು ಹೊತ್ತ ಎಳೆಯಲ್ಲಿ. ಹೆಣ್ಣಿಗೆ ಅದು ಎರಡು, ಒಂದು ಕೆಂಪು ಕಣ್ಣಿನ ತಂದೆಯದು. ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. 1910ರಲ್ಲಿ ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಕಂಡದ್ದೂ ಇದನ್ನೇ. ಅದೇ ನೊಣದ ಜೀನೋಮ್ 2000ದಲ್ಲಿ ಪ್ರಕಟವಾದಾಗ, ಯಾವ ಜೀನ್ ಎಲ್ಲಿದೆ, ಏನು ಮಾಡುತ್ತದೆ ಎಂದು ತಿಳಿಯಲು ನೆರವಾದದ್ದು ಹೀಗೆ ಎಣಿಸುತ್ತಾ ಕೂತವರ ದುಡಿಮೆ.

ದೂರದ ಮಾತೇಕೆ? ಮೈಸೂರು ವಿಶ್ವವಿದ್ಯಾನಿಲಯದ ನಮ್ಮ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಡ್ರಾಸೊಫಿಲಾ ಸಂಶೋಧನೆಗೆ ಹೆಸರಾದದ್ದು. ಎಂಟು ಕ್ರೋಮೋಸೋಮಿನ ನಾಸುಟಾ, ಆರರ ಆಲ್ಬೊಮಿಕಾನ್ಸ್ ಎಂಬ ಎರಡು ಬಗೆಯ ನೊಣಗಳನ್ನು ಕೂಡಿಸಿ, ತಲೆಮಾರುಗಟ್ಟಲೆ ಸಾಕಿ, ಹೊಸ ಕ್ರೋಮೋಸೋಮ್ ಜೋಡಣೆಯ ತಳಿಗಳೇ ಹುಟ್ಟುವುದನ್ನು ಎಚ್.ಎ. ರಂಗನಾಥ್ ಮತ್ತವರ ಸಂಗಡಿಗರು ತೋರಿಸಿದರು. ಎಷ್ಟು ಸೀಸೆ ತೊಳೆದಿರಬೇಕು!

ನೀವು ಮಂಡ್ಯದವರು, ಸಿ.ಬಿ. (ಕ್ರಾಸ್ ಬ್ರೀಡ್, ಮಿಶ್ರತಳಿ) ರೇಷ್ಮೆಗೂಡು ಕಂಡೇ ಇರುತ್ತೀರಿ. ನಮ್ಮ ‘ಪ್ಯೂರ್ ಮೈಸೂರು’ ತಳಿಯ ಹೆಣ್ಣಿಗೆ ಬೈವೋಲ್ಟೀನ್ (ವರ್ಷಕ್ಕೆರಡು ತಲೆಮಾರಿನ) ತಳಿಯ ಗಂಡು ಸೇರಿಸಿ ಪಡೆದ ಮೊದಲ ತಲೆಮಾರಿನ ಬೆಳೆ ಅದು. ಅದರ ಮೊಟ್ಟೆಯನ್ನೇ ಮುಂದಿನ ಬೆಳೆಗೆ ಇಟ್ಟುಕೊಂಡರೆ ಗುಣ ಚೆದುರಿಹೋಗುತ್ತದೆ. ನಿಮ್ಮ ಮಗಳ ಸೀಸೆಯಲ್ಲಿರುವುದೂ ಇದೇ ಲೆಕ್ಕ.

ನನ್ನ ಸಂಕಟ ಬೇರೆ. ಎಷ್ಟೋ ಡಿಗ್ರಿ ಕಾಲೇಜುಗಳಲ್ಲಿ ಮೈಕ್ರೋಸ್ಕೋಪು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ವರ್ಷವಿಡೀ ಮಾಡಬೇಕಾದ ಪ್ರಾಕ್ಟಿಕಲ್, ಪರೀಕ್ಷೆಯ ಹಿಂದಿನ ಒಂದೇ ವಾರದಲ್ಲಿ ಮುಗಿಯುತ್ತದೆ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಂಡು, ನೊಣವನ್ನೇ ಕಾಣದೆ ಪದವಿ ಪಡೆಯುವ ಮಕ್ಕಳಿದ್ದಾರೆ. ಲ್ಯಾಪ್‌ಟಾಪ್ ಹಂಚಲು ಶಾಮಿಯಾನ ಹಾಕಿಸುವವರು ಲ್ಯಾಬಿಗೆ ಒಬ್ಬ ಅಟೆಂಡರನ್ನು ಕೊಡುವುದಿಲ್ಲ. ನಿಮ್ಮ ಸಿಟ್ಟನ್ನು ಅತ್ತ ತಿರುಗಿಸಿ ಇನ್ನೊಂದು ಪತ್ರ ಬರೆಯಿರಿ. ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇನೆ.