ಏಳು ದಿನ ಇಬ್ಬರೇ

ಕಲಬುರಗಿಯ ಒಬ್ಬ ಹೈಸ್ಕೂಲ್ ಮಾಸ್ತರು ರಿಟೈರ್ ಆದರು. ಬೆಂಗಳೂರಿನಲ್ಲಿರುವ ಮಗ ಖುಷಿಯಿಂದ ಅಪ್ಪ-ಅವ್ವನಿಗೆ ಮಾರಿಷಸ್ ಟೂರ್ ಬುಕ್ ಮಾಡಿದ. ಅಕ್ಟೋಬರ್‌ನಲ್ಲಿ ಏಳು ದಿನ, ಸಮುದ್ರದ ದಂಡೆಯ ರೆಸಾರ್ಟು. ಟಿಕೆಟ್ ಬಂದ ದಿನದಿಂದ ಅವ್ವನ ನಿದ್ದೆ ಹಾರಿಹೋಯಿತು. ಬಿಪಿ, ಶುಗರ್ ಎಲ್ಲ ಸರಿ ಇತ್ತು. ಡಾಕ್ಟರು, ಮನಸ್ಸಿನ ತೊಂದರೆ ಕೇಳಿ ಸಲಹೆ ಕೊಡುವ ನನ್ನ ಹತ್ತಿರ ಕಳಿಸಿದರು. (ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

"ಜ್ವಾಲಾಮುಖಿ ಅದಂತ್ರಿ ಮೇಡಂ ಅಲ್ಲಿ. ಮೊಬೈಲ್‌ನ್ಯಾಗ ನೋಡೀನಿ, ಬೆಂಕಿ ಹೊಳಿ ಹರದಂಗ ಹರೀತದ" ಎಂದರು ಆಕೆ.

ನೋಡಿದ್ದು ಪಕ್ಕದ ರಿಯೂನಿಯನ್ ದ್ವೀಪದ ವಿಡಿಯೊ. ಅಲ್ಲಿನ ಪಿಟಾನ್ ದ ಲಾ ಫೂರ್ನೇಸ್ ಈಗಲೂ ಆಗಾಗ ಉಕ್ಕುತ್ತದೆ. ಮಾರಿಷಸ್ ಹುಟ್ಟಿದ್ದೂ ಜ್ವಾಲಾಮುಖಿಯಿಂದಲೇ, ಆದರೆ ಸಾವಿರಾರು ವರ್ಷದಿಂದ ತಣ್ಣಗಿದೆ. ನಮ್ಮ ಆಳಂದ ಕಡೆಯ ಕರಿ ಭೂಮಿಯೂ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದಲೇ ಬಂದದ್ದು, ಅದರ ಮೇಲೇ ನಾವು ತೊಗರಿ ಬೆಳೀತೀವಲ್ಲ ಎಂದೆ. ನಕ್ಕರು. ಆಮೇಲೆ ವಿಮಾನದ ಭಯ ಹೇಳಿದರು. ಅದಾದ ಮೇಲೆ ಊಟದ್ದು, ಭಾಷೆಯದ್ದು. ಒಂದಕ್ಕೆ ಉತ್ತರ ಸಿಕ್ಕ ಕೂಡಲೇ ಇನ್ನೊಂದು ಎದ್ದು ನಿಂತರೆ, ಭಯ ಬೇರೆಲ್ಲೋ ಕೂತಿದೆ ಅಂತಲೇ ಲೆಕ್ಕ.

"ಅಲ್ಲಿ ಒಂದು ದಿನ ಹೆಂಗಿರ್ತದ, ಮುಂಜಾನಿ ಚಹಾದಿಂದ ಹೇಳ್ರಿ ಅಕ್ಕಾರೆ" ಎಂದೆ. ಎದ್ದರು, ಜಳಕ ಆಯಿತು, ನಾಷ್ಟಾ ಆಯಿತು. ಅಲ್ಲಿಗೆ ಮಾತು ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಮನ್ಯಾಗ ಅತ್ತಿ, ಮೈದುನ, ನೆಗೆಣ್ಣಿ, ಮಕ್ಕಳು ಎಲ್ಲಾರೂ ಇದ್ರು. ಇವರ ಜೋಡಿ ನಾ ಮಾತಾಡಿದ್ದು ಬರೇ ತೊಗರಿ ರೇಟು, ಮಕ್ಕಳ ಫೀಸು. ಏಳು ದಿನ ಒಂದ್ ಖೋಲ್ಯಾಗ ಇಬ್ರೇ ಕುಂತು ಏನ್ ಮಾತಾಡ್ಬೇಕ್ರಿ?"

ಮಾಸ್ತರನ್ನು ಬೇರೆಯಾಗಿ ಕೇಳಿದೆ. ಮೊದಲು ಜೋಕ್ ಮಾಡಿದರು: "ಬಿಸಲಿಗೆ ಅಂತ ಅಷ್ಟು ದೂರ ಹೋಗೋದೇನ್ರಿ? ನಮ್ಮಲ್ಲೇ ಬೇಕಾದಷ್ಟದ." ಆಮೇಲೆ ಮೆಲ್ಲಗೆ, "ರಿಟೈರ್ ಆದಮ್ಯಾಲ ಮನ್ಯಾಗ ಎಲ್ಲಿ ಕುಂತ್ರೂ ಇಕಿ ಅಡ್ಡ ಕುಂದರಬ್ಯಾಡ್ರಿ ಅಂತಾಳ. ಅಲ್ಲಿ ಎಲ್ಲಿ ಕುಂದರ್ಲಿ?" ಎಂದರು. ಇಬ್ಬರದೂ ಒಂದೇ ಭಯ. ಕೂಡು ಮನೆಯಲ್ಲಿ ಬಾಳಿದ ಎಷ್ಟೋ ಜೋಡಿಗಳಿಗೆ ಇದು ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಇದಕ್ಕೆ ಪ್ರೀತಿ ಇಲ್ಲ ಅಂತ ಅರ್ಥ ಹಚ್ಚಬೇಕಿಲ್ಲ. ರೂಢಿ ಇಲ್ಲ, ಅಷ್ಟೇ.

ಮಗ ಕಳಿಸಿದ ವೇಳಾಪಟ್ಟಿಯಲ್ಲಿ ಬರೀ ನೀರಿನ ಆಟಗಳು, ಕ್ಯಾಂಡಲ್ ಲೈಟ್ ಡಿನ್ನರ್. ಅದನ್ನು ಪಕ್ಕಕ್ಕಿಟ್ಟು, ಖಾಲಿ ಹಾಳೆಯ ಮೇಲೆ ಇಬ್ಬರಿಗೂ ತಮಗೆ ಬೇಕಾದ್ದು ಬರೆಯಲು ಹೇಳಿದೆ. ಮಾಸ್ತರು ಬರೆದದ್ದು ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್. 1834ರಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ನಮ್ಮ ದೇಶದ ಕೂಲಿಗಳು ಇಳಿದ ಜಾಗ ಅದು; 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆಕೆ ಬರೆದದ್ದು ಗಂಗಾ ತಲಾವ್. ಹಳೇ ಜ್ವಾಲಾಮುಖಿಯ ಬಾಯಲ್ಲೇ ತುಂಬಿದ ಕೆರೆ, ಶಿವರಾತ್ರಿಗೆ ಜನ ಅಲ್ಲಿಗೆ ನಡೆದುಕೊಂಡು ಹೋಗುತ್ತಾರೆ. ಹೆದರಿದ ಜ್ವಾಲಾಮುಖಿಯನ್ನೇ ಆರಿಸಿಕೊಂಡರಲ್ಲ ಅಂತ ನನಗೂ ನಗು ಬಂತು. ಶಮರೆಲ್‌ನ ಬಣ್ಣಬಣ್ಣದ ಮಣ್ಣು ಇಬ್ಬರ ಹಾಳೆಯಲ್ಲೂ ಇತ್ತು. ಊಟದ ಚಿಂತೆಗೆ ಅಲ್ಲಿನ ಬೀದಿಬೀದಿಯಲ್ಲಿ ಸಿಗುವ ಧೋಲ್ ಪುರಿ ಹೇಳಿದೆ: ಬೇಳೆ ತುಂಬಿದ ರೊಟ್ಟಿ, ಸಿಹಿ ಹಾಕದ ಹೋಳಿಗೆ ಅಂದುಕೊಳ್ಳಿ.

ಇನ್ನೊಂದು ಸಲಹೆ ಕೊಟ್ಟೆ, ಇದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಮಧ್ಯಾಹ್ನ ಎರಡು ತಾಸು ಇಬ್ಬರೂ ಬೇರೆ ಬೇರೆ ಇರಬೇಕು. ಅವರು ಪೇಪರ್ ಓದಲಿ, ಈಕೆ ತಂಗಿಗೆ ವಿಡಿಯೊ ಕಾಲ್ ಮಾಡಲಿ. ಇಡೀ ದಿನ ಮಾತು ಹುಡುಕುವ ಕಷ್ಟ ತಪ್ಪುತ್ತದೆ, ಸಂಜೆ ಹೇಳಲು ಏನಾದರೂ ಇರುತ್ತದೆ.

ಅದಕ್ಕೂ ಮೊದಲು ಬಸ್ ಹತ್ತಿ ಬೀದರಿಗೆ ಹೋಗಿಬನ್ನಿ, ಇಬ್ಬರೇ ಎಂದೆ. ಹೋದರು. ಹೋಗುವಾಗ ಬಸ್ಸಿನಲ್ಲಿ ಹೆಚ್ಚು ಮಾತಿಲ್ಲ. ಕೋಟೆ ನೋಡಿ ಹೊರಗೆ ಬಂದು ಭಜಿ ಅಂಗಡಿ ಮುಂದೆ ನಿಂತಾಗ ಮಾತು ಶುರುವಾಯಿತಂತೆ. "ಇವರಿಗೆ ಮಿರ್ಚಿ ಭಜಿ ಸೇರಂಗಿಲ್ಲಂತ್ರಿ! ಇಷ್ಟು ವರ್ಷ ನಾ ಮಾಡಿ ಹಾಕೀನಿ, ಸುಮ್ನೆ ತಿಂದಾರ" ಅಂತ ಆಕೆ ನನ್ನೆದುರೇ ಜಗಳಕ್ಕೆ ನಿಂತರು. ಮಾಸ್ತರು ನಗುತ್ತಿದ್ದರು.

ಮಗನಿಗೂ ಫೋನಿನಲ್ಲಿ ಹೇಳಿದೆ: ಉಡುಗೊರೆ ಆದರೂ ತಾರೀಖು, ಜಾಗ ಅವರನ್ನೇ ಕೇಳು. ಅವನಿಗೆ ಸ್ವಲ್ಪ ಬೇಜಾರಾಯಿತು. ಹಾಗಾದರೆ ನಾನೂ ಜೊತೆಗೆ ಹೋಗ್ತೀನಿ ಎಂದ. ಬೇಡ ಎಂದವರು ಅವ್ವನೇ. ಸಂಜೆಗೊಂದು ಫೋನ್ ಮಾಡಿದರೆ ಸಾಕಂತೆ.

ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ವಾಸಿ. ಹೊರಡುವ ಮುಂಚೆ ಇನ್ನೊಮ್ಮೆ ಬರಲು ಹೇಳಿದ್ದೇನೆ. ಹೀಗೆ ವಾರಗಟ್ಟಲೆ ನಿದ್ದೆ ಇಲ್ಲದೆ ಒದ್ದಾಡುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.