ಕಾತ್ಯಾಯನಿಯನ್ನು ಯಾರೂ ಕೇಳಲಿಲ್ಲ

ಪ್ರಶ್ನೆ: ನನಗೆ 41 ವರ್ಷ. ಧಾರವಾಡದಲ್ಲಿ ಮನೆ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರು ಬ್ಯಾಂಕಿನಲ್ಲಿದ್ದಾರೆ, 22 ವರ್ಷ ಸರ್ವಿಸ್ ಆಗಿದೆ. ಏಳು ತಿಂಗಳ ಹಿಂದೆ ಭಾವ, ಅಂದರೆ ನಮ್ಮವರ ಅಣ್ಣ, ಊರಲ್ಲಿ ಹೊಲದಲ್ಲೇ ಎದೆನೋವು ಬಂದು ತೀರಿಕೊಂಡರು. ಆಗಿನಿಂದ ನಮ್ಮವರದು ಒಂದೇ ಮಾತು: "ಮನುಷ್ಯಾ ಹುಟ್ಟೂದು ಯಾತಕ್ಕ?" ನೌಕರಿ ಬಿಟ್ಟು ಮಠದಲ್ಲಿ ದಾಸೋಹದ ಸೇವೆಗೆ ನಿಲ್ಲುತ್ತಾರಂತೆ. ಮನೆ ಸಾಲ ಇನ್ನೂ ಒಂಬತ್ತು ವರ್ಷದ್ದಿದೆ. ಮಗ ಪಿಯುಸಿ ಸೈನ್ಸ್, ಮಗಳು ಏಳನೇ ಇಯತ್ತೆ. ಸಾಲದ ಮಾತೆತ್ತಿದ್ದಕ್ಕೆ "ನೀ ಕಂತು ಕಟ್ಟಾಕ ಹುಟ್ಟೀದಿ, ರೊಟ್ಟಿ ಬಡಕೋತ ಇರು" ಅಂದರು. ಅತ್ತೆಯವರು "ಮೊಮ್ಮಕ್ಕಳ ಮಾರಿ ಕಂಡ್ರ ಜಲ್ಮ ಸಾರ್ಥಕ, ಮತ್ತೇನೈತಿ" ಅನ್ನುತ್ತಾರೆ. ಮಗ "ಉದ್ದೇಶ ಅಂತ ಏನೂ ಇಲ್ಲ ಪಪ್ಪಾ, ಎಲ್ಲಾ ಕೆಮಿಸ್ಟ್ರಿ" ಎಂದು ವಾದಕ್ಕೆ ನಿಲ್ಲುತ್ತಾನೆ. ಭಾವ ಕೊನೆಯ ಸಲ ಬಂದಾಗ ಹೊಸ ಜೋಡು ಕೊಂಡು, ಹಳೆಯ ಚಪ್ಪಲಿ ನಮ್ಮ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಅವನ್ನು ತೆಗೆಯಲು ಇವರು ಬಿಡುವುದಿಲ್ಲ. ಇಷ್ಟು ಜನರಲ್ಲಿ ಯಾರು ಸರಿ? ನನ್ನ ಬದುಕು ನಿಜಕ್ಕೂ ಅಷ್ಟೇ ಏನು?

ಉತ್ತರ:

ತಂಗೀ,

ನಿಮ್ಮ ಪತ್ರದಲ್ಲಿ ಸಾವಿದೆ, ಸಾಲವಿದೆ, ಮನೆಯವರ ವಾದವಿದೆ. ನಾನು ಮುಂದೆ ಓದಲಾಗದೆ ನಿಂತದ್ದು ಮಾತ್ರ ರೊಟ್ಟಿಯ ಮಾತಿನ ಹತ್ತಿರ. ನಸುಕಿನಲ್ಲೆದ್ದು ಬಿಸಿನೀರು ಹಾಕಿ ಹಿಟ್ಟು ನಾದಿ, ರೊಟ್ಟಿ ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಎಲ್ಲರ ಡಬ್ಬಿ ಕಟ್ಟಿ, ಶಾಲೆಗೆ ಓಡಿ ಬೋರ್ಡಿನ ಮುಂದೆ ನಿಲ್ಲುವ ಹೆಂಗಸಿಗೆ ಆ ಮಾತು ಎಲ್ಲಿ ತಾಗಿರುತ್ತದೆ ಎಂದು ನನಗೆ ಗೊತ್ತು. ಹುಟ್ಟಿದ್ದು ಯಾತಕ್ಕೆ ಎಂದು ಅವರು ಕೇಳಿಕೊಂಡಿದ್ದರೆ ನೀವು ನೋಯುತ್ತಿರಲಿಲ್ಲ. ನೀನು ಹುಟ್ಟಿದ್ದು ಇಂಥ ಸಣ್ಣದಕ್ಕೆ ಎಂದು ಅವರೇ ತೀರ್ಮಾನ ಕೊಟ್ಟರಲ್ಲ, ಅದು ನೋವು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಅಲ್ಲ, ನಿಮ್ಮ ಬದುಕು ಅಷ್ಟೇ ಅಲ್ಲ. ಅದನ್ನು ಅಳೆಯುವ ಅಧಿಕಾರ ಅವರಿಗಿಲ್ಲ.

ನಿಮ್ಮ ಮನೆಯ ಜಗಳ ಬಹಳ ಹಳೆಯದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಸಂದರ್ಭ ಬರುತ್ತದೆ. ಅವನಿಗೆ ಇಬ್ಬರು ಹೆಂಡಿರು, ಮೈತ್ರೇಯಿ ಮತ್ತು ಕಾತ್ಯಾಯನಿ. ಹೊರಡುವ ಮೊದಲು ಮೈತ್ರೇಯಿಯನ್ನು ಕರೆದು, ನಿನಗೂ ಕಾತ್ಯಾಯನಿಗೂ ಪಾಲು ಮಾಡಿಕೊಡುತ್ತೇನೆ ಅನ್ನುತ್ತಾನೆ. ಹಣ ತುಂಬಿದ ಇಡೀ ಭೂಮಿಯೇ ನನ್ನದಾದರೂ ಅದರಿಂದ ಸಾವನ್ನು ದಾಟುತ್ತೇನೇನು ಎಂದು ಮೈತ್ರೇಯಿ ಕೇಳುತ್ತಾಳೆ. ಅಲ್ಲಿಂದ ಆತ್ಮದ ವಿಚಾರ ಶುರು. ಎಲ್ಲರೂ ಅವಳ ಪ್ರಶ್ನೆಯನ್ನು ಹೊಗಳುತ್ತಾರೆ, ಹೊಗಳಬೇಕಾದ್ದೇ. ಕಾತ್ಯಾಯನಿಯ ಬಗ್ಗೆ ಮಾತ್ರ, ಅವಳಿಗೆ ಹೆಂಗಸರಿಗಿರುವಷ್ಟು ತಿಳಿವಳಿಕೆ ಇತ್ತು ಎಂದು ಒಂದೇ ಮಾತು. ಗಂಡ ಹೊರಟಾಗ ಅವಳು ಏನಂದಳು, ಯಾರೂ ಬರೆದಿಡಲಿಲ್ಲ. ಆ ಪಾಠ ಓದಿದಾಗಲೆಲ್ಲ ನನ್ನ ಮನಸ್ಸು ಒಳಮನೆಯಲ್ಲಿ ನಿಂತಿರುವ ಆಕೆಯ ಕಡೆಗೇ ಹೋಗುತ್ತದೆ.

ಆದರೂ ಅಂಥ ಜ್ಞಾನಿ ಕೂಡ ಮೊದಲು ಪಾಲಿನ ಮಾತಾಡಿದ, ಆಮೇಲೆ ಆತ್ಮದ ಮಾತಾಡಿದ ಎನ್ನುವುದನ್ನು ನಿಮ್ಮವರು ಗಮನಿಸಬೇಕು. ಕೌಟಿಲ್ಯನಂತೂ ಇದನ್ನು ಕಾನೂನೇ ಮಾಡಿದ. ಹೆಂಡತಿ ಮಕ್ಕಳಿಗೆ ವ್ಯವಸ್ಥೆ ಮಾಡದೆ ಸನ್ಯಾಸಕ್ಕೆ ಹೊರಟವನಿಗೆ ದಂಡ ಹಾಕಬೇಕು ಎಂದು ಅರ್ಥಶಾಸ್ತ್ರದಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥ ಅದು. ಮೋಕ್ಷ ಬೇಡ ಎಂದು ಅವನು ಹೇಳಲಿಲ್ಲ. ಅದರ ಖರ್ಚನ್ನು ಇನ್ನೊಬ್ಬರ ತಲೆಯ ಮೇಲೆ ಹಾಕಿ ಹೋಗಬೇಡ ಎಂದ.

ಇನ್ನು ದಾಸೋಹ. ನಿಮ್ಮವರಿಗೆ ಕಲ್ಯಾಣದ ಶರಣರ ಬಗ್ಗೆ ಭಕ್ತಿ ಇದ್ದರೆ, ಅಲ್ಲಿದ್ದ ಒಂದು ಜೋಡಿಯನ್ನು ಅವರು ನೆನೆಯಲಿ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ಅವರ ದಾಸೋಹ. ಒಮ್ಮೆ ಅವನು ಶರಣರ ಮಾತುಕತೆಯಲ್ಲಿ ಮೈಮರೆತು ಕುಳಿತುಬಿಟ್ಟ. ಆಗ ಲಕ್ಕಮ್ಮ ಹೇಳಿದ್ದು: "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ." ಇನ್ನೊಂದು ದಿನ ಅವನು ಅಕ್ಕಿ ಹೆಚ್ಚಿಗೆ ತಂದಾಗ "ಈಸಕ್ಕಿಯಾಸೆ ನಿಮಗೇಕೆ" ಎಂದು ತಿರುಗಿ ಕಳಿಸಿದವಳೂ ಅವಳೇ. ಕಡಿಮೆಯಾದರೂ ತಡೆದಳು, ಹೆಚ್ಚಾದರೂ ತಡೆದಳು. ಕಾಯಕವೇ ಕೈಲಾಸ ಎನ್ನುವ ಮಾತು ಬರುವುದು ಇದೇ ಮಾರಯ್ಯನ ವಚನದಲ್ಲಿ. ಅಂಥ ಮನೆಯಲ್ಲಿ ಬೆಳೆದ ಮಾತು ಅದು. ಬಸವಣ್ಣನವರೂ ಬಿಜ್ಜಳನ ಭಂಡಾರ ನೋಡಿಕೊಂಡವರು. ನಿಮ್ಮವರು ಕೌಂಟರಿನಲ್ಲಿ ಕುಳಿತು ಎಣಿಸುವ ಹಣ ದೇವರಿಗೆ ದೂರದ್ದೇನಲ್ಲ.

ಇಷ್ಟೆಲ್ಲ ಹೇಳಿದೆ ಎಂದು ಈ ವಚನಗಳನ್ನು ಅವರ ಮುಖಕ್ಕೆ ಹಿಡಿಯಬೇಡಿ. ವಾದದಲ್ಲಿ ನೀವು ಗೆಲ್ಲಬಹುದು, ಆದರೆ ಅವರ ಸಂಕಟ ಇರುವುದು ಬೇರೆ ಕಡೆ. ಬಾಗಿಲಲ್ಲಿರುವ ಆ ಚಪ್ಪಲಿ ನೋಡಿ, ತಂಗಿ. ಏಳು ತಿಂಗಳಿಂದ ಅಣ್ಣನ ಚಪ್ಪಲಿ ದಾಟಿಕೊಂಡು ಬ್ಯಾಂಕಿಗೆ ಹೋಗಿ, ಮತ್ತೆ ಅದನ್ನೇ ದಾಟಿ ಒಳಗೆ ಬರುವ ಮನುಷ್ಯ, ಹುಟ್ಟುವುದು ಯಾತಕ್ಕೆ ಎಂದು ಕೇಳುತ್ತಿದ್ದಾರೆ. ನನಗೆ ಅದು ಅಣ್ಣನಿಗೆ ಹಾಕಿದ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಇಡೀ ಜೀವ ಹೊಲದಲ್ಲಿ ದುಡಿದು ಹೊಲದಲ್ಲೇ ಬಿದ್ದೆಯಲ್ಲ, ನಿನಗೇನು ಸಿಕ್ಕಿತು? ಅದಕ್ಕೆ ಉತ್ತರ ಬರುವುದಿಲ್ಲ. ಹಾಗಾಗಿ ಅದೇ ಪ್ರಶ್ನೆ ನಿಮ್ಮ ರೊಟ್ಟಿ, ನಿಮ್ಮ ಕಂತಿನ ಮೇಲೆ ತಿರುಗಿದೆ.

ನನ್ನ ಅಕ್ಕ ತೀರಿಕೊಂಡಾಗ ನಾನೂ ಹೀಗೇ ಇದ್ದೆ. ಬಾಗಿಲಿಗೆ ಬಂದವರಿಗೆಲ್ಲ ಸೀರೆ ತೆಗೆದು ಕೊಡುತ್ತಿದ್ದೆ, ಇಷ್ಟು ಯಾರಿಗೆ ಬೇಕು ಎಂದು. ಮನೆಯವರು ವೈರಾಗ್ಯ ಅಂದರು, ನನಗೂ ಅದೇ ನಿಜ ಅನ್ನಿಸಿತ್ತು. ಒಂದು ಮಧ್ಯಾಹ್ನ ಅಕ್ಕನ ಇಳಕಲ್ ಸೀರೆಯನ್ನೂ ಕೊಟ್ಟುಬಿಟ್ಟೆ. ರಾತ್ರಿ ಅದು ನೆನಪಾಗಿ, ಅದನ್ನು ಒಯ್ದವಳ ಮನೆ ಹುಡುಕಿಕೊಂಡು ಹೋಗಿ, ತಾಯೀ ತಿರುಗಿ ಕೊಡು ಎಂದು ಅತ್ತೆ. ಆಕೆ ಮಡಿಕೆ ಕೂಡ ಬಿಚ್ಚಿರಲಿಲ್ಲ, ಹಾಗೇ ಕೊಟ್ಟಳು. ಸೀರೆಯನ್ನು ತಿರುಗಿ ಕೇಳಬಹುದಿತ್ತು. ನೌಕರಿಯನ್ನು ಹಾಗೆ ತಿರುಗಿ ಕೇಳಲು ಬರುವುದಿಲ್ಲ.

ಅದಕ್ಕೇ ನಾನು ಗಟ್ಟಿಯಾಗಿ ಹೇಳುವುದು ಒಂದು: ಭಾವನವರ ವರ್ಷ ಮುಗಿಯುವವರೆಗೆ ರಾಜೀನಾಮೆ, ಸ್ವಯಂ ನಿವೃತ್ತಿ, ಯಾವ ಕಾಗದಕ್ಕೂ ಸಹಿ ಬೇಡ. ಪೆನ್ಶನ್ ಇರುವ ಬ್ಯಾಂಕ್ ನೌಕರರು 20 ವರ್ಷ ಸೇವೆಯಾದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು, ಆ ದಾರಿ ಐದು ತಿಂಗಳಲ್ಲಿ ಎಲ್ಲೂ ಹೋಗುವುದಿಲ್ಲ. ಈ ನಡುವೆ ರಜೆ ಹಾಕಿ ಹದಿನೈದು ದಿನ ಅವರು ಮಠದಲ್ಲೇ ಇದ್ದು ಬರಲಿ. ನೀವೇ ಚೀಲ ಕಟ್ಟಿ ಕಳಿಸಿಕೊಡಿ. ನೂರಾರು ಜನರಿಗೆ ಅನ್ನ ಬೇಯಿಸಿ, ಬಡಿಸಿ, ಕೊಪ್ಪರಿಗೆ ತಿಕ್ಕುವ ಕೆಲಸ ನಿಜಕ್ಕೂ ದೊಡ್ಡದು, ಅದನ್ನು ನಾನು ಕಿರಿದು ಮಾಡುತ್ತಿಲ್ಲ. ಆ ಕೆಲಸ ಅವರಿಗೆ ಒಗ್ಗುತ್ತದೋ ಇಲ್ಲವೋ ಎಂಬುದು ಬೇಯಿಸಿದ ಮೇಲೆಯೇ ಗೊತ್ತಾಗುವುದು. ಬೇರೆಯವರ ಮಕ್ಕಳಿಗೆ ಬಡಿಸುವಾಗ, ನಸುಕಿನಲ್ಲಿ ರೊಟ್ಟಿ ಬಡಿಯುವುದು ಏನೆಂಬುದೂ ಕೈಗೆ ತಿಳಿದೀತು.

ಬಂದ ಮೇಲೆ ಒಂದು ಭಾನುವಾರ ಇಬ್ಬರೇ ಕುಳಿತುಕೊಳ್ಳಿ. ನೀವು ಗಣಿತದ ಮೇಡಂ, ಹಾಳೆ ನಿಮ್ಮ ಕೈಯಲ್ಲಿರಲಿ. ಉಳಿದ ಸಾಲ, ಮಗನ ಕಾಲೇಜು, ಮಗಳ ಓದು, ಅತ್ತೆಯವರ ಔಷಧಿ, ನಿಮ್ಮ ಸಂಬಳ. ಈಗ ಬಿಟ್ಟರೆ ಪೆನ್ಶನ್, ಗ್ರಾಚ್ಯುಟಿ ಎಷ್ಟು ಬರುತ್ತದೆ ಎಂದು ಅವರು ಬ್ಯಾಂಕಿನಿಂದ ಬರವಣಿಗೆಯಲ್ಲೇ ತರಲಿ. ಲೆಕ್ಕ ಕೂಡಿದರೆ, ಮತ್ತು ವರ್ಷದ ನಂತರವೂ ಅವರಿಗೆ ಅದೇ ಹಂಬಲವಿದ್ದರೆ, ಕಳಿಸಿಕೊಡುವ ಬಗ್ಗೆ ನೀವೂ ತೆರೆದ ಮನಸ್ಸಿನಿಂದ ಯೋಚಿಸಬೇಕು. ಕೂಡದಿದ್ದರೆ ಎಷ್ಟು ವರ್ಷಕ್ಕೆ ಕೂಡುತ್ತದೆ ಎಂದು ಅದೇ ಹಾಳೆಯ ಮೇಲೆ ಬರೆಯಿರಿ. ಅಂದು ರೊಟ್ಟಿಯ ಮಾತನ್ನೂ ಎತ್ತಿ. ಅತ್ತು ಹೇಳಬೇಡಿ, ಸುಮ್ಮನೆ ಹೇಳಿ: ನಿಮ್ಮ ದಾರಿ ದೊಡ್ಡದಿರಬಹುದು, ನನ್ನದನ್ನು ಸಣ್ಣದು ಅನ್ನಬೇಡಿ.

ಅವರ ನಿದ್ದೆ, ಊಟ ಹೇಗಿದೆ, ನೀವು ಬರೆದಿಲ್ಲ. ರಾತ್ರಿ ಎದ್ದು ಕೂರುತ್ತಿದ್ದರೆ, ಊಟ ಬಿಡುತ್ತಿದ್ದರೆ, ಇದ್ದೇನು ಪ್ರಯೋಜನ ಎಂಬ ಮಾತು ಬಂದರೆ, ವರ್ಷಕ್ಕೆ ಕಾಯಬೇಡಿ. ನಿಮ್ಮೂರಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ದೇವರ ಹಂಬಲ ಬೇರೆ, ಮನಸ್ಸಿನ ಬೇನೆ ಬೇರೆ. ಒಮ್ಮೊಮ್ಮೆ ಎರಡೂ ಒಟ್ಟಿಗೇ ಬರುತ್ತವೆ.

ಯಾರು ಸರಿ ಎಂದು ಕೇಳಿದ್ದೀರಿ. ಅತ್ತೆಯವರು ಹೆತ್ತ ಮಗನನ್ನು ಮಣ್ಣಿಗಿಟ್ಟು, ಉಳಿದ ಮೊಮ್ಮಕ್ಕಳ ಮುಖ ನೋಡಿ ಉಸಿರು ಹಿಡಿದಿದ್ದಾರೆ. ಅವರ ಮಾತನ್ನು ಯಾರೂ ತಿದ್ದುವುದು ಬೇಡ. ಮಗ ಹೇಳುವುದೂ ಹೊಸದಲ್ಲ. ಕಲಸಿಟ್ಟದ್ದು ಹುಳಿತು ಅಮಲು ಹುಟ್ಟುವ ಹಾಗೆ, ಮಣ್ಣು ನೀರು ಬೆಂಕಿ ಗಾಳಿ ಕೂಡಿ ಚೈತನ್ಯ ಹುಟ್ಟುತ್ತದೆ ಎಂದು, ದೇವರು ಪರಲೋಕ ಒಪ್ಪದ ಚಾರ್ವಾಕರು ಎಂದೋ ಹೇಳಿದ್ದರು. ಹಾಗೆ ನಂಬಿಯೂ ಪ್ರಾಮಾಣಿಕವಾಗಿ, ಪ್ರೀತಿಯಿಂದ ಬಾಳಿದವರು ಬೇಕಾದಷ್ಟಿದ್ದಾರೆ. ನನಗೆ ಚಿಂತೆ ಅವನ ವಿಚಾರದ್ದಲ್ಲ, ಅವನ ವಯಸ್ಸಿನದು. ದೊಡ್ಡಪ್ಪ ಸತ್ತ ಮೇಲೆ ಆ ಹುಡುಗ ಅತ್ತನೇ? ನಿಮ್ಮ ಪತ್ರದಲ್ಲಿ ಅವನು ವಾದ ಮಾಡುತ್ತಾನೆ, ಅಳುವುದಿಲ್ಲ. ಸೂಟಿಗೆ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದನೇನು, ಕೇಳಿ ನೋಡಿ. ಇವತ್ತು ರಾತ್ರಿ ಅವನು ಓದುವಾಗ ಎರಡು ಕಪ್ ಚಹಾ ಮಾಡಿಕೊಂಡು ಹೋಗಿ ಹತ್ತಿರ ಕುಳಿತುಕೊಳ್ಳಿ.

ಭಾವನವರ ವರ್ಷಕ್ಕೆ ಎಲ್ಲರೂ ಊರಿಗೆ ಹೋಗಿ. ಅಂದಿನ ಪಂಕ್ತಿಗೆ ನಿಮ್ಮವರೇ ಬಡಿಸಲಿ. ಚಪ್ಪಲಿ ಏನು ಮಾಡೋಣ ಎಂದು ಅವತ್ತು ಅವರನ್ನೇ ಕೇಳಿ. ಅಲ್ಲಿಯತನಕ ಅವು ಬಾಗಿಲಲ್ಲೇ ಇರಲಿ. ಕಸ ಗುಡಿಸುವಾಗ ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡಿ.