ಕ್ರಿಯೇಟಿನಿನ್ ಇಳಿದರೆ ಖುಷಿಪಡಬಹುದಾ?
ಡಯಾಲಿಸಿಸ್‌ನಲ್ಲಿರುವ ನಿಮ್ಮ ತಂದೆಗೆ ಕ್ರಿಯೇಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ) 9ರಿಂದ 6ಕ್ಕೆ ಇಳಿದಿದೆ, ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) 3.1 ಇದೆ, ಒಳ್ಳೆಯದೇ ಅಲ್ವಾ ಅಂತ ಕೇಳಿದ್ದೀರಿ. ಈಗಲೇ ಖುಷಿಪಡಬೇಡಿ. ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಡಯಾಲಿಸಿಸ್ ಜಾಸ್ತಿ ಮಾಡಿಸಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಎಷ್ಟೋ ಸಲ ಮೈ ಕರಗುತ್ತಿದೆ ಅಂತಲೇ ಅರ್ಥ. ಆಲ್ಬುಮಿನ್ 4ರ ಆಸುಪಾಸು ಇರುವವರು ಹೆಚ್ಚು ಕಾಲ ಬದುಕುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ನಮ್ಮಮ್ಮನಿಗೂ ಹೀಗೇ ಆಗಿತ್ತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಊಟ ಸೇರುತ್ತಿಲ್ಲ, ಅದಕ್ಕೇ ಅಂದುಕೊಂಡೆವು. ನೋಡಿದರೆ ಡಯಾಲಿಸಿಸ್‌ಗೆ ಹಾಕಿದ್ದ ನಳಿಕೆಯಲ್ಲಿ (ಕ್ಯಾತಿಟರ್) ಸೋಂಕು! ಸೋಂಕು, ಉರಿಯೂತ ಇದ್ದರೂ ಆಲ್ಬುಮಿನ್ ಇಳಿಯುತ್ತದೆ. ಹಾಗಾಗಿ ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ತಿನ್ನುವವರಾದರೆ ಮೊಟ್ಟೆಯ ಬಿಳಿಭಾಗ ಕೊಡಿ, ಕಿಡ್ನಿ ಸೋತವರ ಮೈಯಲ್ಲಿ ಸೇರಿಕೊಳ್ಳುವ ಫಾಸ್ಫರಸ್ ಅದರಲ್ಲಿ ಕಡಿಮೆ.